ಅಲ್ಟ್ರಾಸೌಂಡ್‌ನಿಂದ ಮರೆವು ಹೋಗುತ್ತಾ? ಮಿದುಳಿನ ಲ್ಯಾಬ್‌ಗಳಲ್ಲಿ ಈಗ ನಡೆಯುತ್ತಿರೋದೇನು

ಅಲ್ಟ್ರಾಸೌಂಡ್ ಅಂದ ಕೂಡಲೇ ನಮ್ಮ ತಲೆಗೆ ಬರುವುದು ಬಸುರಿಯರ ಸ್ಕ್ಯಾನಿಂಗ್. ಇಲ್ಲವೇ ಕಿಡ್ನಿ ಕಲ್ಲು. ಈಚೆಗೆ ಅದೇ ಹೆಸರು ಮರೆವಿನ ಕಾಯಿಲೆಯ ಜೊತೆಗೂ ಕೇಳಿಬರುತ್ತಿದೆ. ಫ್ಯಾಮಿಲಿ ಗ್ರೂಪಿಗೆ ಬರುವ ವಿಡಿಯೊಗಳಲ್ಲಿ ತಲೆಗೆ ಹೆಲ್ಮೆಟ್ ಥರದ್ದೇನೋ ಹಾಕಿಕೊಂಡು ಎಂಆರ್‌ಐ ಮಷೀನಿನೊಳಗೆ ಮಲಗಿದ ಅಜ್ಜ, ಕೆಳಗೆ 'ಆಪರೇಶನ್ ಇಲ್ಲದೆ ಆಲ್ಜೈಮರ್ಸ್ ವಾಸಿ' ಅನ್ನೋ ಸಾಲು. ಇನ್ನೊಂದು ಕಡೆ, ಪಿಎಚ್‌ಡಿ ಮುಗಿಸಿದ ನೆಂಟರ ಹುಡುಗಿ 'ಬ್ರೇನ್ ಇಮೇಜಿಂಗ್ ಮತ್ತು ಅಲ್ಟ್ರಾಸೌಂಡ್ ಸ್ಟಿಮ್ಯುಲೇಶನ್' ಅಂತ ಪೋಸ್ಟ್‌ಡಾಕ್‌ಗೆ ಅಮೆರಿಕಕ್ಕೋ ಕೆನಡಾಕ್ಕೋ ಹೊರಟಿರುತ್ತಾಳೆ, ಅವಳು ಅಲ್ಲಿ ಹೋಗಿ ಮಾಡುವುದೇನು ಅಂತ ಮನೆಯಲ್ಲಿ ಯಾರಿಗೂ ಸರಿಯಾಗಿ ಗೊತ್ತಿರುವುದಿಲ್ಲ.

ವಿಷಯ ವಿಡಿಯೊದಲ್ಲಿ ಹೇಳುವಷ್ಟು ಸಲೀಸಲ್ಲ. ಹಾಗಂತ ಪೂರ್ತಿ ಬುರುಡೆಯೂ ಅಲ್ಲ. ಮೊದಲಿನಿಂದ ನೋಡೋಣ.

ಯಾವ ಮರೆವಿನ ಮಾತು ಇದು?

'ಅರವತ್ತಕ್ಕೆ ಅರಳು ಮರಳು' ಅಂತ ನಮ್ಮಲ್ಲಿ ಒಂದು ಮಾತಿದೆ. ವಯಸ್ಸಾದ ಮೇಲೆ ಹೆಸರು ತಡವಾಗಿ ನೆನಪಾಗುವುದು, ಕನ್ನಡಕ ಎಲ್ಲಿಟ್ಟೆ ಅಂತ ಹುಡುಕುವುದು ಸಾಮಾನ್ಯ. ಅದು ಕಾಯಿಲೆಯಲ್ಲ. ಆದರೆ ಕೆಲವರಲ್ಲಿ ಮರೆವು ಆ ವಯಸ್ಸಿನವರಿಗೆ ಇರಬೇಕಾದ್ದಕ್ಕಿಂತ ಜಾಸ್ತಿ ಇರುತ್ತದೆ, ಟೆಸ್ಟ್ ಮಾಡಿದರೆ ಗೊತ್ತಾಗುತ್ತದೆ, ಆದರೂ ಅವರು ಬ್ಯಾಂಕಿಗೆ ಹೋಗಿ ಬರುತ್ತಾರೆ, ಅಡುಗೆ ಮಾಡುತ್ತಾರೆ, ತಮ್ಮ ಕೆಲಸ ತಾವೇ ನೋಡಿಕೊಳ್ಳುತ್ತಾರೆ. ಈ ನಡುವಿನ ಹಂತಕ್ಕೆ ಡಾಕ್ಟರುಗಳು ಮೈಲ್ಡ್ ಕಾಗ್ನಿಟಿವ್ ಇಂಪೇರ್‌ಮೆಂಟ್ ಅನ್ನುತ್ತಾರೆ, ಚಿಕ್ಕದಾಗಿ ಎಂಸಿಐ. ಕಾಗ್ನಿಟಿವ್ ಅಂದರೆ ನೆನಪು ಒಂದೇ ಅಲ್ಲ. ಗಮನ, ಮಾತು, ಲೆಕ್ಕಾಚಾರ, ದಾರಿ ಗುರುತಿಸುವುದು ಎಲ್ಲವೂ ಸೇರುತ್ತದೆ.

ದಿನದ ಬದುಕಿಗೇ ಪೆಟ್ಟು ಬಿದ್ದು, ಇನ್ನೊಬ್ಬರ ಆಸರೆ ಬೇಕಾದಾಗ ಅದು ಡಿಮೆನ್ಶಿಯಾ. ಡಿಮೆನ್ಶಿಯಾಕ್ಕೆ ಹಲವು ಕಾರಣ, ಅದರಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಣುವುದು ಆಲ್ಜೈಮರ್ಸ್. 2023ರಲ್ಲಿ ಬಂದ ದೇಶವ್ಯಾಪಿ ಅಧ್ಯಯನದ ಪ್ರಕಾರ ಭಾರತದಲ್ಲಿ 60 ದಾಟಿದವರಲ್ಲಿ ಶೇ. 7.4ರಷ್ಟು ಜನರಿಗೆ, ಅಂದರೆ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಶಿಯಾ ಇದೆ. ಗಂಡಸರಿಗಿಂತ ಹೆಂಗಸರಲ್ಲಿ ಜಾಸ್ತಿ. ಪೇಟೆಗಿಂತ ಹಳ್ಳಿಯಲ್ಲಿ ಜಾಸ್ತಿ.

ಎಂಸಿಐ ಇದ್ದವರೆಲ್ಲ ಡಿಮೆನ್ಶಿಯಾಕ್ಕೆ ಜಾರುವುದಿಲ್ಲ. ಕೆಲವರು ವರ್ಷಗಟ್ಟಲೆ ಹಾಗೇ ಇರುತ್ತಾರೆ, ಕೆಲವರು ಮೊದಲಿನಂತೆ ಆಗಿಬಿಡುತ್ತಾರೆ. ಸಂಶೋಧಕರಿಗೆ ಈ ಹಂತದ ಮೇಲೆ ಕಣ್ಣು ಯಾಕೆಂದರೆ ಡಿಮೆನ್ಶಿಯಾ ಬಲಿತ ಮೇಲೆ ನರಕೋಶಗಳು ಸತ್ತುಹೋಗಿರುತ್ತವೆ, ಸತ್ತದ್ದನ್ನು ಎಬ್ಬಿಸುವ ವಿದ್ಯೆ ಯಾರ ಬಳಿಯೂ ಇಲ್ಲ. ಏನಾದರೂ ಮಾಡುವುದಿದ್ದರೆ ಮೊದಲೇ ಮಾಡಬೇಕು.

ತಲೆ ಒಳಗೆ ನೋಡುವುದು ಹೇಗೆ

ಮಾಮೂಲಿ ಎಂಆರ್‌ಐ ಮಿದುಳಿನ ಆಕಾರ ತೋರಿಸುತ್ತದೆ. ಕಿವಿಯ ಮಟ್ಟದಲ್ಲಿ, ತಲೆಯ ಎರಡೂ ಬದಿ ಒಳಗಡೆ ಹಿಪೊಕ್ಯಾಂಪಸ್ ಅನ್ನುವ ಪುಟ್ಟ ಭಾಗ ಒಂದೊಂದಿದೆ. ಹೊಸ ನೆನಪುಗಳು ದಾಖಲಾಗಲು ಅದು ಬೇಕೇ ಬೇಕು. ಆಲ್ಜೈಮರ್ಸ್‌ನಲ್ಲಿ ಅದು ಬೇಗನೆ ಕುಗ್ಗುತ್ತದೆ, ಆ ಕುಗ್ಗುವಿಕೆಯನ್ನು ಎಂಆರ್‌ಐನಲ್ಲಿ ಅಳೆಯಬಹುದು.

ಅದೇ ಮಷೀನನ್ನು ಬೇರೆ ರೀತಿ ಬಳಸಿದರೆ ಎಫ್ಎಂಆರ್‌ಐ. ಮಿದುಳಿನ ಯಾವುದಾದರೂ ಭಾಗ ಚುರುಕಾಗಿ ಕೆಲಸ ಮಾಡಿದಾಗ ಅಲ್ಲಿಗೆ ಆಮ್ಲಜನಕ ತುಂಬಿದ ರಕ್ತ ಹೆಚ್ಚು ಹರಿಯುತ್ತದೆ. ಆಮ್ಲಜನಕ ಇರುವ ರಕ್ತಕ್ಕೂ ಇಲ್ಲದ ರಕ್ತಕ್ಕೂ ಅಯಸ್ಕಾಂತದ ಮುಂದೆ ನಡವಳಿಕೆ ಬೇರೆ. ಈ ವ್ಯತ್ಯಾಸವನ್ನು ಹಿಡಿಯಬಹುದು ಅಂತ 1990ರಲ್ಲಿ ಸೆಯಿಜಿ ಒಗಾವಾ ಅನ್ನುವ ವಿಜ್ಞಾನಿ ತೋರಿಸಿದರು. ಒಂದು ಮಾತು ನೆನಪಿಡಿ: ಎಫ್ಎಂಆರ್‌ಐ ನೋಡುವುದು ರಕ್ತವನ್ನು, ನರಕೋಶವನ್ನು ನೇರವಾಗಿ ಅಲ್ಲ. ಅದೂ ಕೆಲವು ಸೆಕೆಂಡ್ ತಡವಾಗಿ. ಆದರೂ ಮಿದುಳಿನ ಯಾವ ಭಾಗ ಯಾವುದರ ಜೊತೆ ಸೇರಿ ಕೆಲಸ ಮಾಡುತ್ತಿದೆ ಅನ್ನುವುದು ಇದರಿಂದ ಗೊತ್ತಾಗುತ್ತದೆ. ನಾವು ಸುಮ್ನೆ ಕೂತು ಏನೋ ಯೋಚಿಸುತ್ತಿರುವಾಗ ಒಟ್ಟಿಗೆ ಚುರುಕಾಗುವ ಕೆಲವು ಭಾಗಗಳಿವೆ, ಅವಕ್ಕೆ ಡಿಫಾಲ್ಟ್ ಮೋಡ್ ನೆಟ್‌ವರ್ಕ್ ಅಂತ ಹೆಸರು. ಆಲ್ಜೈಮರ್ಸ್‌ನಲ್ಲಿ ಈ ಭಾಗಗಳ ನಡುವಿನ ಹೊಂದಾಣಿಕೆ ಸಡಿಲವಾಗುತ್ತದೆ. ಅಲ್ಟ್ರಾಸೌಂಡ್ ಕೊಟ್ಟ ಮೇಲೆ ಅದು ಮತ್ತೆ ಬಿಗಿಯಾಯಿತೇ ಅಂತ ನೋಡುವುದು ಇವತ್ತಿನ ಎಷ್ಟೋ ಪ್ರಯೋಗಗಳ ತಿರುಳು.

ಇನ್ನು ಪೆಟ್ ಸ್ಕ್ಯಾನ್, ಅಂದರೆ ವಿಕಿರಣ ಸೂಸುವ ರಾಸಾಯನಿಕವನ್ನು ರಕ್ತಕ್ಕೆ ಬಿಟ್ಟು ಅದು ಎಲ್ಲಿ ಸೇರಿತು ಅಂತ ನೋಡುವುದು. ಆಲ್ಜೈಮರ್ಸ್‌ನಲ್ಲಿ ಮಿದುಳಿನಲ್ಲಿ ಎರಡು ಥರದ ಪ್ರೋಟೀನ್ ಕಸ ಕಟ್ಟಿಕೊಳ್ಳುತ್ತದೆ. ಕೋಶಗಳ ಹೊರಗೆ ಅಮಿಲಾಯ್ಡ್, ಕೋಶಗಳ ಒಳಗೆ ಟೌ. ಆಲೋಯಿಸ್ ಆಲ್ಜೈಮರ್ 1906ರಲ್ಲಿ ಈ ಕಾಯಿಲೆಯನ್ನು ವಿವರಿಸಿದಾಗ ಸತ್ತ ರೋಗಿಯ ಮಿದುಳನ್ನು ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡಬೇಕಾಗಿತ್ತು. ಆಮೇಲೆ ಸುಮಾರು ನೂರು ವರ್ಷ ಅದೇ ಪಾಡು. ಬದುಕಿರುವವರ ಅಮಿಲಾಯ್ಡ್ ಕಾಣುವಂತಾದದ್ದು ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದವರು ಅದಕ್ಕೆ ಅಂಟಿಕೊಳ್ಳುವ ರಾಸಾಯನಿಕವೊಂದನ್ನು ಮಾಡಿದ ಮೇಲೆ, ಆ ವರದಿ ಬಂದದ್ದು 2004ರಲ್ಲಿ. ಅದರ ವಿಕಿರಣ 20 ನಿಮಿಷಕ್ಕೆ ಅರ್ಧಕ್ಕಿಳಿಯುತ್ತಿತ್ತು, ಹಾಗಾಗಿ ಅದನ್ನು ತಯಾರಿಸುವ ಸೈಕ್ಲೊಟ್ರಾನ್ ಅನ್ನುವ ಯಂತ್ರ ಪಕ್ಕದಲ್ಲೇ ಇರಬೇಕಾಗಿತ್ತು. ಆಮೇಲೆ ಬಂದ ಬೇರೆ ರಾಸಾಯನಿಕಗಳು ಅರ್ಧಕ್ಕಿಳಿಯಲು ಸುಮಾರು ಎರಡು ಗಂಟೆ ಬೇಕು, ದೂರದ ಆಸ್ಪತ್ರೆಗೂ ಕಳಿಸಬಹುದು.

ಇಷ್ಟಕ್ಕೂ ಅಲ್ಟ್ರಾಸೌಂಡ್ ಅಂದರೇನು

ಶಬ್ದವೇ. ಗಾಳಿಯೋ ನೀರೋ ಮಾಂಸವೋ ಹಿಂದೆ ಮುಂದೆ ಕಂಪಿಸುವುದು. ಸೆಕೆಂಡಿಗೆ 20,000 ಸಲಕ್ಕಿಂತ ಹೆಚ್ಚು ಕಂಪಿಸಿದರೆ ನಮ್ಮ ಕಿವಿಗೆ ಕೇಳಿಸುವುದಿಲ್ಲ, ಅದನ್ನೇ ಅಲ್ಟ್ರಾಸೌಂಡ್ ಅನ್ನುತ್ತೇವೆ. ಎಕ್ಸ್-ರೇ ಥರ ಇದರಲ್ಲಿ ವಿಕಿರಣ ಇಲ್ಲ. ಹೊಟ್ಟೆ ಸ್ಕ್ಯಾನಿಂಗ್‌ನಲ್ಲಿ ಬಳಸುವುದು ಸೆಕೆಂಡಿಗೆ ಕೆಲವು ಮಿಲಿಯನ್ ಕಂಪನ. ಮಿದುಳಿನ ಕೆಲಸಕ್ಕೆ ಅದಕ್ಕಿಂತ ಕಡಿಮೆ, ಸಾಮಾನ್ಯವಾಗಿ ಎರಡು ಲಕ್ಷದಿಂದ ಆರೂವರೆ ಲಕ್ಷದ ತನಕ, ಯಾಕೆಂದರೆ ಕಂಪನ ಹೆಚ್ಚಾದಷ್ಟೂ ತಲೆಯ ಮೂಳೆ ಅದನ್ನು ನುಂಗಿಬಿಡುತ್ತದೆ.

ಹೊಟ್ಟೆ ಸ್ಕ್ಯಾನಿಂಗ್‌ನಲ್ಲಿ ಶಬ್ದ ಕಳಿಸಿ, ಬಂದ ಪ್ರತಿಧ್ವನಿ ಕೇಳಿಸಿಕೊಂಡು ಚಿತ್ರ ಮಾಡುತ್ತಾರೆ. ನಾವು ಮಾತಾಡುತ್ತಿರುವ ಅಲ್ಟ್ರಾಸೌಂಡ್ ಚಿತ್ರ ತೆಗೆಯುವುದಿಲ್ಲ. ಚಿತ್ರದ ಕೆಲಸ ಎಂಆರ್‌ಐಗೆ, ಪೆಟ್‌ಗೆ. ಇಲ್ಲಿ ಶಬ್ದವನ್ನು ಒಂದು ಬಿಂದುವಿಗೆ ಕೂಡಿಸಿ ಅಲ್ಲಿ ಏನನ್ನೋ ಮಾಡಿಸುತ್ತಾರೆ. ಚಿಕ್ಕವರಿದ್ದಾಗ ಭೂತಗನ್ನಡಿ ಹಿಡಿದು ಬಿಸಿಲನ್ನು ಕಾಗದದ ಒಂದೇ ಚುಕ್ಕೆಗೆ ಬೀಳಿಸುತ್ತಿದ್ದೆವಲ್ಲ, ಹೆಚ್ಚು ಕಡಿಮೆ ಹಾಗೆ. ಗಾಜಿಗೂ ಕಾಗದಕ್ಕೂ ನಡುವೆ ಕೈ ಇಟ್ಟರೆ ಸುಡುವುದಿಲ್ಲ, ಕಾಗದದ ಮೇಲಿನ ಚುಕ್ಕೆಯಲ್ಲಿ ಮಾತ್ರ ಶಕ್ತಿ ಸೇರುತ್ತದೆ. ಸೆಕೆಂಡಿಗೆ ಐದು ಲಕ್ಷ ಕಂಪನದ ಒಂದು ಸಾಧಾರಣ ಉಪಕರಣದಲ್ಲಿ ಆ ಚುಕ್ಕೆಯ ಅಗಲ ಸುಮಾರು 5 ಮಿಲಿಮೀಟರ್, ಉದ್ದ ಎರಡು ಸೆಂಟಿಮೀಟರಿಗೆ ಹತ್ತಿರ.

ಇದರ ಮಹತ್ವ ಏನೆಂದರೆ, ಮಿದುಳನ್ನು ಹೊರಗಿನಿಂದ ತಟ್ಟುವ ಬೇರೆ ದಾರಿಗಳು ಒಂದೋ ಮೇಲ್ಮೈಯಲ್ಲೇ ನಿಲ್ಲುತ್ತವೆ, ಇಲ್ಲವೇ ಗುರಿ ಅಗಲವಾಗಿರುತ್ತದೆ. ಅಯಸ್ಕಾಂತದ ಸುರುಳಿಯಿಂದ ಕೊಡುವ ಟಿಎಂಎಸ್ ಎರಡು ಮೂರು ಸೆಂಟಿಮೀಟರ್ ಆಳಕ್ಕೆ ಹೋಗುವ ಹೊತ್ತಿಗೆ ಸೋತುಹೋಗುತ್ತದೆ. ಆಳಕ್ಕೆ ಕರಾರುವಾಕ್ಕಾಗಿ ಹೋಗಬೇಕಾದರೆ ತಲೆಗೆ ತೂತು ಕೊರೆದು ತಂತಿ ಇಳಿಸಬೇಕು. ಹಿಪೊಕ್ಯಾಂಪಸ್ ಇರುವುದು ಆಳದಲ್ಲಿ. ತೂತಿಲ್ಲದೆ ಅಲ್ಲಿಗೆ ತಲುಪಬಲ್ಲದ್ದು ಅಂತ ಅಲ್ಟ್ರಾಸೌಂಡ್ ಮೇಲೆ ಎಲ್ಲರ ಆಸೆ.

ಮೂಳೆಯ ತಂಟೆ

ಆದರೆ ನಡುವೆ ತಲೆಬುರುಡೆ ಇದೆ. ಮಾಂಸದಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1,540 ಮೀಟರ್ ಓಡಿದರೆ ಮೂಳೆಯಲ್ಲಿ ಅದರ ಹೆಚ್ಚು ಕಡಿಮೆ ಎರಡರಷ್ಟು. ಮೂಳೆ ಒಂದು ಕಡೆ ದಪ್ಪ, ಒಂದು ಕಡೆ ತೆಳು, ನಡುವೆ ಜೊಳ್ಳು ಪದರ. ಹಾಗಾಗಿ ಒಂದೇ ಸಮಯಕ್ಕೆ ಹೊರಟ ಅಲೆಗಳು ಬೇರೆ ಬೇರೆ ಹೊತ್ತಿಗೆ ಒಳಗೆ ತಲುಪುತ್ತವೆ. ಚುಕ್ಕೆ ಕದಡುತ್ತದೆ ಅಥವಾ ಪಕ್ಕಕ್ಕೆ ಸರಿಯುತ್ತದೆ. ಐದು ಮಿಲಿಮೀಟರ್ ಪಕ್ಕಕ್ಕೆ ಸರಿದರೂ ನೀವು ಬೇರೆಯದೇ ಭಾಗವನ್ನು ತಟ್ಟುತ್ತಿರುತ್ತೀರಿ.

ಇದಕ್ಕೆ ಕಂಡುಕೊಂಡ ಉಪಾಯ ಚೆನ್ನಾಗಿದೆ. ಒಂದೇ ದೊಡ್ಡ ಸ್ಪೀಕರ್ ಬದಲು ಹೆಲ್ಮೆಟ್ ತುಂಬ ಪುಟ್ಟ ಪುಟ್ಟ ಸ್ಪೀಕರ್‌ಗಳನ್ನು ಜೋಡಿಸುತ್ತಾರೆ, ಆಸ್ಪತ್ರೆಗಳಲ್ಲಿರುವ ಒಂದು ಬಗೆಯ ಹೆಲ್ಮೆಟ್‌ನಲ್ಲಿ 1,024 ಇವೆ. ರೋಗಿಯ ಸಿಟಿ ಸ್ಕ್ಯಾನ್ ನೋಡಿ ಪ್ರತಿಯೊಂದರ ಮುಂದೆ ಮೂಳೆ ಎಷ್ಟು ದಪ್ಪವಿದೆ ಅಂತ ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಯಾವುದನ್ನು ಸ್ವಲ್ಪ ಮೊದಲು, ಯಾವುದನ್ನು ಸ್ವಲ್ಪ ತಡವಾಗಿ ಶುರು ಮಾಡಬೇಕು ಅಂತ ತೀರ್ಮಾನಿಸುತ್ತದೆ. ಎಲ್ಲ ಅಲೆಗಳೂ ಗುರಿಗೆ ಒಂದೇ ಹೊತ್ತಿಗೆ ಬಂದು ಸೇರುತ್ತವೆ.

ಈ ಹೆಲ್ಮೆಟ್‌ನಿಂದಲೇ ಕೈ ನಡುಕದ ಕಾಯಿಲೆಗೆ ಚಿಕಿತ್ಸೆ ಕೊಡಲು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2016ರಲ್ಲೇ ಒಪ್ಪಿಗೆ ಕೊಟ್ಟಿತು. ಅಲ್ಲಿ ಮಾಡುವುದು ಸುಡುವ ಕೆಲಸ: ಮಿದುಳಿನ ಆಳದಲ್ಲಿರುವ ಥಲಾಮಸ್ ಅನ್ನುವ ಭಾಗದ ಒಂದು ಚುಕ್ಕೆಯನ್ನು 55ರಿಂದ 60 ಡಿಗ್ರಿ ತನಕ ಕಾಯಿಸಿ ಅಳಿಸಿಹಾಕುತ್ತಾರೆ. ಕಾಫಿ ಲೋಟ ಹಿಡಿಯಲಾಗದವರು ಮಷೀನಿನಿಂದ ಎದ್ದು ಬಂದು ನೀಟಾಗಿ ಸಹಿ ಹಾಕುವ ವಿಡಿಯೊಗಳು ಈ ಚಿಕಿತ್ಸೆಯವು. ಮರೆವಿಗೂ ಇದಕ್ಕೂ ಸಂಬಂಧ ಇಲ್ಲ, ಆದರೆ ಫಾರ್ವರ್ಡ್ ಆಗಿ ಬರುವಾಗ ಎರಡೂ ಕಲಸಿಹೋಗಿರುತ್ತವೆ. ಮರೆವಿನ ಸಂಶೋಧನೆಯಲ್ಲಿ ಏನನ್ನೂ ಸುಡುವುದಿಲ್ಲ. ಶಕ್ತಿ ತುಂಬಾ ಕಡಿಮೆ. ಅಲ್ಲಿ ಎರಡು ದಾರಿಗಳಿವೆ, ಎರಡನ್ನೂ ಬೇರೆ ಬೇರೆಯಾಗಿಯೇ ನೋಡಬೇಕು.

ದಾರಿ ಒಂದು: ತಡೆಯನ್ನು ತೆರೆಯುವುದು

ಮಿದುಳಿನ ರಕ್ತನಾಳಗಳ ಒಳಗೋಡೆಯ ಕೋಶಗಳು ಒಂದಕ್ಕೊಂದು ಬಿಗಿಯಾಗಿ ಅಂಟಿಕೊಂಡಿವೆ. ರಕ್ತದಲ್ಲಿರುವ ಕೀಟಾಣು, ವಿಷ ಯಾವುದೂ ಮಿದುಳಿಗೆ ಇಳಿಯಬಾರದು ಅಂತ. ಇದು ರಕ್ತ-ಮಿದುಳು ತಡೆ. ತೊಂದರೆ ಏನೆಂದರೆ ಇದು ಔಷಧವನ್ನೂ ತಡೆಯುತ್ತದೆ. ಆಲ್ಜೈಮರ್ಸ್‌ಗೆ ಈಚೆಗೆ ಬಂದಿರುವ ಲೆಕಾನೆಮ್ಯಾಬ್, ಡೊನಾನೆಮ್ಯಾಬ್ ಥರದ ಔಷಧಗಳು ಆ್ಯಂಟಿಬಾಡಿಗಳು, ಅಂದರೆ ದೊಡ್ಡ ಅಣುಗಳು. ರಕ್ತಕ್ಕೆ ಕೊಟ್ಟ ಆ್ಯಂಟಿಬಾಡಿಯಲ್ಲಿ ಮಿದುಳು ಸೇರುವುದು ಸಾವಿರಕ್ಕೆ ಒಂದು ಪಾಲಿನ ಆಸುಪಾಸು. ಮಿಕ್ಕಿದ್ದೆಲ್ಲ ಹೊರಗೇ ಉಳಿಯುತ್ತದೆ.

2001ರಲ್ಲಿ ಕುಲರ್ವೊ ಹೈನಿನೆನ್ ಅನ್ನುವ ವಿಜ್ಞಾನಿ ಮತ್ತು ಅವರ ಜೊತೆಗಾರರು ಮೊಲಗಳಲ್ಲಿ ಒಂದು ವಿಷಯ ತೋರಿಸಿದರು. ಹೃದಯದ ಸ್ಕ್ಯಾನಿಂಗ್‌ನಲ್ಲಿ ಚಿತ್ರ ಸ್ಪಷ್ಟವಾಗಲಿ ಅಂತ ರಕ್ತಕ್ಕೆ ಪುಟ್ಟ ಅನಿಲದ ಗುಳ್ಳೆಗಳನ್ನು ಬಿಡುವ ಪದ್ಧತಿ ಮೊದಲಿನಿಂದ ಇದೆ. ಆ ಗುಳ್ಳೆಗಳು ಹೆಚ್ಚು ಕಡಿಮೆ ಕೆಂಪು ರಕ್ತಕಣದಷ್ಟೇ ದೊಡ್ಡವು. ಅವು ಮಿದುಳಿನ ನಾಳದಲ್ಲಿ ಹರಿಯುವಾಗ ಅಲ್ಟ್ರಾಸೌಂಡ್ ಬಿಟ್ಟರೆ, ಶಬ್ದದ ತಾಳಕ್ಕೆ ಉಬ್ಬುತ್ತಾ ಕುಗ್ಗುತ್ತಾ ನಾಳದ ಗೋಡೆಯನ್ನು ಒಳಗಿನಿಂದ ತಳ್ಳುತ್ತವೆ, ಬಿಗಿಯಾಗಿದ್ದ ಕೋಶಗಳ ನಡುವೆ ಸಂದಿ ಬಿಡುತ್ತದೆ. ಶಬ್ದ ಬಿದ್ದ ಜಾಗದಲ್ಲಿ ಮಾತ್ರ. ಆಮೇಲೆ ಅದು ತಾನಾಗೇ ಮುಚ್ಚಿಕೊಳ್ಳುತ್ತದೆ.

ಆಲ್ಜೈಮರ್ಸ್ ರೋಗಿಗಳಲ್ಲಿ ಇದನ್ನು ಮೊದಲು ಮಾಡಿ ವರದಿ ಮಾಡಿದವರು ಕೆನಡಾದ ಟೊರೊಂಟೊದ ಸನ್ನಿಬ್ರೂಕ್ ಆಸ್ಪತ್ರೆಯ ತಂಡ, 2018ರಲ್ಲಿ. ರೋಗಿಗಳು ಐದೇ ಜನ. ತಡೆ ತೆರೆಯಿತು, 24 ಗಂಟೆಯೊಳಗೆ ಮುಚ್ಚಿಕೊಂಡಿತು, ದೊಡ್ಡ ಅಪಾಯ ಆಗಲಿಲ್ಲ. ನೆನಪೇನೂ ಸುಧಾರಿಸಲಿಲ್ಲ, ಅವರು ಅದನ್ನು ನೋಡಲು ಹೊರಟೂ ಇರಲಿಲ್ಲ. ಆಮೇಲೆ ಅಮೆರಿಕದ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ಅಲಿ ರೆಜಾಯ್ ತಂಡ ಹಿಪೊಕ್ಯಾಂಪಸ್‌ನಲ್ಲೇ ತೆರೆದು ತೋರಿಸಿತು. ಅದೇ ತಂಡ 2024ರ ಜನವರಿಯಲ್ಲಿ ಪ್ರಕಟಿಸಿದ್ದು ನಿಜಕ್ಕೂ ಕುತೂಹಲ ಹುಟ್ಟಿಸುವಂಥದ್ದು. ಮೂವರು ರೋಗಿಗಳಿಗೆ ಅಡುಕಾನುಮ್ಯಾಬ್ ಅನ್ನುವ ಆ್ಯಂಟಿಬಾಡಿ ಕೊಟ್ಟು, ಆರು ತಿಂಗಳ ಕಾಲ ಪ್ರತಿ ಸಲವೂ ಮಿದುಳಿನ ಒಂದು ಬದಿಯಲ್ಲಿ ಮಾತ್ರ ತಡೆ ತೆರೆದರು. ಇನ್ನೊಂದು ಬದಿಗೆ ಔಷಧ ಮಾತ್ರ. ಪೆಟ್ ಸ್ಕ್ಯಾನ್ ಮಾಡಿ ಹೋಲಿಸಿದರೆ, ತೆರೆದ ಕಡೆ ಅಮಿಲಾಯ್ಡ್ ಸರಾಸರಿ ಶೇ. 32ರಷ್ಟು ಹೆಚ್ಚು ಇಳಿದಿತ್ತು.

ಒಬ್ಬನೇ ಮನುಷ್ಯನ ಮಿದುಳಿನ ಎರಡು ಬದಿಗಳನ್ನು ಹೋಲಿಸಿದ್ದು ಜಾಣತನ. ವಯಸ್ಸು, ಆಹಾರ, ಜೀನ್ ಅನ್ನುವ ತಕರಾರೇ ಬರುವುದಿಲ್ಲ. ಆದರೆ ಇದ್ದದ್ದು ಮೂವರು. ಅಳೆದದ್ದು ಕಸ ಎಷ್ಟು ಕಡಿಮೆಯಾಯಿತು ಅಂತ, ನೆನಪು ಎಷ್ಟು ಹೆಚ್ಚಾಯಿತು ಅಂತ ಅಲ್ಲ. ಇವೆರಡೂ ಒಂದೇ ಅಂದುಕೊಳ್ಳುವುದು ಈ ಕ್ಷೇತ್ರದ ಹಳೆಯ ಚಾಳಿ. ಲೆಕಾನೆಮ್ಯಾಬ್‌ನ ದೊಡ್ಡ ಪರೀಕ್ಷೆಯಲ್ಲಿ ಸುಮಾರು 1,800 ಜನರಿದ್ದರು, ಅಮಿಲಾಯ್ಡ್ ಬಹಳಷ್ಟು ಕರಗಿತು, ಆದರೂ ಕಾಯಿಲೆ ಹೆಚ್ಚುವ ವೇಗ 18 ತಿಂಗಳಲ್ಲಿ ಶೇ. 27ರಷ್ಟು ತಗ್ಗಿತು ಅಷ್ಟೆ. ಯಾರೂ ವಾಸಿಯಾಗಲಿಲ್ಲ. ಅಡುಕಾನುಮ್ಯಾಬ್ ಕಥೆ ಇನ್ನೂ ವಿಚಿತ್ರ: ಮೇಲಿನ ಫಲಿತಾಂಶ ಪ್ರಕಟವಾದ ತಿಂಗಳಲ್ಲೇ ಕಂಪನಿ ಆ ಔಷಧವನ್ನು ಕೈಬಿಡುತ್ತೇವೆ ಅಂತ ಹೇಳಿತು.

ಔಷಧವೇ ಇಲ್ಲದೆ, ತಡೆ ತೆರೆಯುವುದರಿಂದಲೇ ಏನಾದರೂ ಆಗುತ್ತದಾ? ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಯೂರ್ಗೆನ್ ಗೋಟ್ಸ್ ಮತ್ತು ಅವರ ಜೊತೆಗಾರರು 2015ರಲ್ಲಿ ಇಲಿಗಳಲ್ಲಿ ಆಗುತ್ತದೆ ಅಂತ ತೋರಿಸಿದರು. ಮಿದುಳಿನ ಜಾಡಮಾಲಿ ಕೋಶಗಳಾದ ಮೈಕ್ರೋಗ್ಲಿಯಾ ಎಚ್ಚೆತ್ತು ಅಮಿಲಾಯ್ಡ್ ನುಂಗಿದವು, ಇಲಿಗಳು ನೆನಪಿನ ಪರೀಕ್ಷೆಗಳಲ್ಲಿ ಚೇತರಿಸಿಕೊಂಡವು. ಇಲಿಯ ತಲೆಬುರುಡೆ ಕಾಗದದಷ್ಟು ತೆಳು ಅನ್ನುವುದನ್ನು ಮಾತ್ರ ಮರೆಯಬೇಡಿ. ಆಲ್ಜೈಮರ್ಸ್ ವಾಸಿಯಾದ ಇಲಿಗಳು ಲೆಕ್ಕವಿಲ್ಲದಷ್ಟಿವೆ, ಮನುಷ್ಯರು ಮಾತ್ರ ಇಲ್ಲ.

ದಾರಿ ಎರಡು: ನರಕೋಶವನ್ನೇ ತಟ್ಟುವುದು

ಪೋಸ್ಟ್‌ಡಾಕ್ ಜಾಹೀರಾತುಗಳಲ್ಲಿ 'ಸ್ಟಿಮ್ಯುಲೇಶನ್' ಅಂತ ಇದ್ದರೆ ಸಾಮಾನ್ಯವಾಗಿ ಅದು ಈ ದಾರಿ. ಗುಳ್ಳೆ ಇಲ್ಲ, ಔಷಧ ಇಲ್ಲ, ತಡೆ ತೆರೆಯುವುದೂ ಇಲ್ಲ. ಕಡಿಮೆ ಶಕ್ತಿಯ ಅಲ್ಟ್ರಾಸೌಂಡನ್ನು ತುಂಡು ತುಂಡಾಗಿ ಬಿಟ್ಟು ನರಕೋಶಗಳ ಚಟುವಟಿಕೆಯನ್ನು ಹೆಚ್ಚು ಅಥವಾ ಕಡಿಮೆ ಮಾಡುವುದು.

ಇದು ಹೊಸ ಯೋಚನೆಯಲ್ಲ. ಶಬ್ದದಿಂದ ಕಪ್ಪೆಯ ಸ್ನಾಯು ಕುಣಿಯುತ್ತದೆ ಅಂತ 1929ರಲ್ಲೇ ವರದಿಯಾಗಿತ್ತು. 1958ರಲ್ಲಿ ಇಲಿನಾಯ್‌ನ ವಿಲಿಯಂ ಫ್ರೈ ಬೆಕ್ಕಿನ ಮಿದುಳಿನಲ್ಲಿ ಕಣ್ಣಿನಿಂದ ಬರುವ ಸಂಕೇತವನ್ನು ಅಲ್ಟ್ರಾಸೌಂಡ್‌ನಿಂದ ಸ್ವಲ್ಪ ಹೊತ್ತು ಅಡಗಿಸಿ ಮತ್ತೆ ಬರುವಂತೆ ಮಾಡಿದರು. ಆಮೇಲೆ ದಶಕಗಟ್ಟಲೆ ವಿಷಯ ತಣ್ಣಗಿತ್ತು. ಮತ್ತೆ ಜೀವ ಬಂದದ್ದು 2008ರ ನಂತರ. ಆರೋಗ್ಯವಂತ ಮನುಷ್ಯರಲ್ಲಿ, ಕೈಯ ಸ್ಪರ್ಶ ತಿಳಿಯುವ ಮಿದುಳಿನ ಭಾಗದ ಮೇಲೆ ಅಲ್ಟ್ರಾಸೌಂಡ್ ಬಿಟ್ಟರೆ ಸ್ಪರ್ಶದ ಸೂಕ್ಷ್ಮ ವ್ಯತ್ಯಾಸ ಗುರುತಿಸುವ ಶಕ್ತಿ ಹೆಚ್ಚಾಗುತ್ತದೆ ಅಂತ 2014ರಲ್ಲಿ ವರ್ಜೀನಿಯಾ ಟೆಕ್ ತಂಡ ತೋರಿಸಿತು.

ಶಬ್ದ ನರಕೋಶಕ್ಕೆ ಏನು ಮಾಡುತ್ತದೆ? ನರಕೋಶದ ಪೊರೆಯಲ್ಲಿ ತಳ್ಳಿದರೆ ತೆರೆದುಕೊಳ್ಳುವ ಪುಟ್ಟ ರಂಧ್ರಗಳಿವೆ. ಅಲೆ ಬಂದು ಒತ್ತಿದಾಗ ಅವು ತೆರೆದು ಒಳಗೆ ಕ್ಯಾಲ್ಸಿಯಂ ಸೇರುತ್ತದೆ, ಅದು ಮೆಲ್ಲಗೆ ಕೂಡಿಕೊಂಡು ಕೋಶ ಸಂಕೇತ ಕಳಿಸುತ್ತದೆ. ಲ್ಯಾಬಿನಲ್ಲಿ ಬೆಳೆಸಿದ ನರಕೋಶಗಳ ಮೇಲೆ ಪ್ರಯೋಗ ಮಾಡಿ 2022ರಲ್ಲಿ ಅಮೆರಿಕದ ಕ್ಯಾಲ್ಟೆಕ್ ಸಂಸ್ಥೆಯ ತಂಡ ಹೇಳಿದ್ದು ಇದು. ಬಿಸಿಯಿಂದಲ್ಲ, ಒತ್ತಡದಿಂದ.

ಅಲೆಗಳನ್ನು ಯಾವ ತಾಳದಲ್ಲಿ ಕೊಡುತ್ತೇವೆ ಅನ್ನುವುದರ ಮೇಲೆ ಪರಿಣಾಮ ಬದಲಾಗುತ್ತದೆ. ಒಂದು ತಾಳದಲ್ಲಿ ಆ ಭಾಗ ಚುರುಕಾಗುತ್ತದೆ, ಇನ್ನೊಂದರಲ್ಲಿ ಮಂದವಾಗುತ್ತದೆ. ಮಿದುಳು ತನ್ನಷ್ಟಕ್ಕೆ ಸೆಕೆಂಡಿಗೆ ನಾಲ್ಕೆಂಟು ಸಲ ಏರಿಳಿಯುವ ಥೀಟಾ ಅನ್ನುವ ಲಯವೊಂದಿದೆ, ನೆನಪಿನ ಕೆಲಸಕ್ಕೂ ಅದಕ್ಕೂ ನಂಟಿದೆ. ಅದೇ ಲಯದಲ್ಲಿ ಒಂದೆರಡು ನಿಮಿಷ ಅಲ್ಟ್ರಾಸೌಂಡ್ ಕೊಟ್ಟರೆ ಪರಿಣಾಮ ಅರ್ಧ ಗಂಟೆಗೂ ಮೀರಿ ಉಳಿಯುತ್ತದೆ ಅಂತ ಆರೋಗ್ಯವಂತರಲ್ಲಿ ಕಂಡಿದ್ದಾರೆ. ಅರ್ಧ ಗಂಟೆಯನ್ನು ಅರ್ಧ ವರ್ಷ ಮಾಡುವುದು ಹೇಗೆ? ಎಷ್ಟು ಸಲ, ಎಷ್ಟು ದಿನಕ್ಕೊಮ್ಮೆ, ಎಲ್ಲಿಗೆ ಕೊಡಬೇಕು? ಈಗ ನಡೆಯುತ್ತಿರುವ ತಡಕಾಟ ಇದೇ.

ಕೇಳಿಸದ ಶಬ್ದ ಕೇಳಿಸಿದಾಗ

ಈ ಕ್ಷೇತ್ರಕ್ಕೆ 2018ರಲ್ಲಿ ಒಂದು ಏಟು ಬಿತ್ತು. ಅಮೆರಿಕದ ಎರಡು ತಂಡಗಳು, ಒಂದು ಗಿನಿ ಹಂದಿಗಳಲ್ಲಿ, ಇನ್ನೊಂದು ಇಲಿಗಳಲ್ಲಿ, ಬೇರೆ ಬೇರೆಯಾಗಿ ಒಂದೇ ವಿಷಯ ಕಂಡವು: ಅಲ್ಟ್ರಾಸೌಂಡ್ ಬಿಟ್ಟಾಗ ಮಿದುಳು ಎಚ್ಚರಗೊಳ್ಳುತ್ತಿದ್ದದ್ದು ಬಹುಮಟ್ಟಿಗೆ ಕಿವಿಯ ಮೂಲಕ. ಪ್ರಾಣಿಗಳನ್ನು ಕಿವುಡು ಮಾಡಿದರೆ ಆ ಪರಿಣಾಮ ಹೆಚ್ಚುಕಡಿಮೆ ಮಾಯವಾಯಿತು. ಅಲ್ಟ್ರಾಸೌಂಡ್ ಕೇಳಿಸುವುದಿಲ್ಲ ನಿಜ, ಆದರೆ ಅದನ್ನು ಸೆಕೆಂಡಿಗೆ ಸಾವಿರ ಸಲ ಆನ್-ಆಫ್ ಮಾಡಿದರೆ ಆ ಸಾವಿರದ ಕಂಪನ ಮೂಳೆಯ ಮೂಲಕ ಕಿವಿಗೆ ಹೋಗಿ ಗುಂಯ್ ಅಂತ ಕೇಳಿಸುತ್ತದೆ.

ಎಂಥ ಮುಜುಗರ ನೋಡಿ. ನೆನಪಿನ ಭಾಗವನ್ನು ತಟ್ಟಿದೆವು ಅಂದುಕೊಂಡವರು ಬರೀ ಸದ್ದು ಮಾಡಿ ಬೆಚ್ಚಿಬೀಳಿಸಿದ್ದಿರಬಹುದು! ಅಂದಿನಿಂದ ಆನ್-ಆಫ್ ಅನ್ನು ಥಟ್ಟನೆ ಮಾಡದೆ ಮೆಲ್ಲಗೆ ಏರಿಸಿ ಇಳಿಸುವುದು, ಅದೇ ಥರದ ಸದ್ದನ್ನು ಹೆಡ್‌ಫೋನ್‌ನಲ್ಲಿ ಕೇಳಿಸಿ ವ್ಯತ್ಯಾಸ ತಿಳಿಯದಂತೆ ಮಾಡುವುದು ಎಲ್ಲ ಶುರುವಾಯಿತು. ಇಂಥ ಎಚ್ಚರಿಕೆ ತೆಗೆದುಕೊಂಡ ಮೇಲೂ ಕೆಲವು ಪರಿಣಾಮಗಳು ಉಳಿದಿವೆ, ಅದೇ ಈ ಕ್ಷೇತ್ರ ಇನ್ನೂ ನಿಂತಿರಲು ಕಾರಣ.

ಇನ್ನೊಂದು ಗೊಂದಲ ನಂಬಿಕೆಯದ್ದು. ದೊಡ್ಡ ಆಸ್ಪತ್ರೆ, ದೊಡ್ಡ ಮಷೀನು, ಪ್ರೀತಿಯಿಂದ ಮಾತಾಡಿಸುವ ಜನ. ಇಷ್ಟರಿಂದಲೇ ರೋಗಿ ಒಂದಷ್ಟು ಚುರುಕಾಗುತ್ತಾರೆ. ಅದೇ ಪರೀಕ್ಷೆಯನ್ನು ಎರಡನೇ ಸಲ ಬರೆಯುವಾಗ ಅಂಕ ತಾನಾಗೇ ಹೆಚ್ಚುತ್ತದೆ. ಹಾಗಾಗಿ ಅರ್ಧ ಜನಕ್ಕೆ ಹುಸಿ ಚಿಕಿತ್ಸೆ ಕೊಡಬೇಕು: ಎಲ್ಲವೂ ಹಾಗೇ, ಅಲೆ ಮಾತ್ರ ಮಿದುಳಿಗೆ ಹೋಗಬಾರದು. ವಿಯೆನ್ನಾದ ತಂಡವೊಂದು ಅತಿ ಚಿಕ್ಕ ಅಲೆಗಳನ್ನು ಬಳಸುವ ಟ್ರಾನ್ಸ್‌ಕ್ರೇನಿಯಲ್ ಪಲ್ಸ್ ಸ್ಟಿಮ್ಯುಲೇಶನ್ ವಿಧಾನವನ್ನು 35 ರೋಗಿಗಳಿಗೆ ಕೊಟ್ಟು ನೆನಪು ಸುಧಾರಿಸಿತು ಅಂದಾಗ ಹುಸಿ ಚಿಕಿತ್ಸೆಯ ಗುಂಪೇ ಇರಲಿಲ್ಲ. ಯುರೋಪಿನಲ್ಲಿ ಆ ಉಪಕರಣಕ್ಕೆ ಮಾರಾಟದ ಒಪ್ಪಿಗೆ 2018ರಲ್ಲೇ ಸಿಕ್ಕಿತ್ತು. ಅದೇ ಊರಿನ ತಂಡ 60 ರೋಗಿಗಳಲ್ಲಿ ಹುಸಿ ಚಿಕಿತ್ಸೆಯ ಜೊತೆ ಹೋಲಿಸಿ 2025ರಲ್ಲಿ ಪ್ರಕಟಿಸಿತು. ಒಟ್ಟಾರೆ ಅಂಕಗಳಲ್ಲಿ ಖಚಿತ ವ್ಯತ್ಯಾಸ ಕಾಣಲಿಲ್ಲ, 70ರ ಒಳಗಿನವರಲ್ಲಿ ಮಾತ್ರ ಲಾಭ ಕಂಡಿತು. ಹೀಗೆ ಒಂದು ಚಿಕ್ಕ ಗುಂಪಿನಲ್ಲಿ ಕಂಡದ್ದು ಮುಂದಿನ ಪ್ರಯೋಗಕ್ಕೆ ಸುಳಿವು, ತೀರ್ಪಲ್ಲ.

ಹಾಗಾದರೆ ಪೋಸ್ಟ್‌ಡಾಕ್ ದಿನವಿಡೀ ಮಾಡುವುದೇನು

ಪಿಎಚ್‌ಡಿ ಮುಗಿದ ಮೇಲೆ, ತನ್ನದೇ ಲ್ಯಾಬ್ ಸಿಗುವ ಮೊದಲು, ಇನ್ನೊಬ್ಬ ಪ್ರೊಫೆಸರ್ ಲ್ಯಾಬಿನಲ್ಲಿ ಕೆಲವು ವರ್ಷ ಸಂಬಳಕ್ಕೆ ಸಂಶೋಧನೆ ಮಾಡುವುದೇ ಪೋಸ್ಟ್‌ಡಾಕ್. ಅದು ಓದಲ್ಲ, ಕೆಲಸ. ಆದರೆ ಖಾಯಂ ಅಲ್ಲ. 'ಇನ್ನೂ ಓದ್ತಾನೇ ಇದೀಯೇನಮ್ಮಾ' ಅಂತ ಹಬ್ಬಕ್ಕೆ ಬಂದಾಗ ಕೇಳುವವರು ಇದನ್ನು ಗಮನಿಸಿದರೆ ಒಳ್ಳೆಯದು.

ಈ ವಿಷಯದ ಪೋಸ್ಟ್‌ಡಾಕ್ ಹೆಚ್ಚು ಹೊತ್ತು ಕಳೆಯುವುದು ರೋಗಿಯ ಹತ್ತಿರ ಅಲ್ಲ. ಮೊದಲು ನೀರಿನ ತೊಟ್ಟಿ. ಗಾಳಿ ತೆಗೆದ ನೀರಿನಲ್ಲಿ ಉಪಕರಣ ಮುಳುಗಿಸಿ, ಹೈಡ್ರೋಫೋನ್ ಅನ್ನುವ ಸೂಕ್ಷ್ಮ ಮೈಕನ್ನು ಮಿಲಿಮೀಟರ್ ಮಿಲಿಮೀಟರ್ ಸರಿಸುತ್ತಾ ಶಬ್ದ ಎಲ್ಲಿ ಎಷ್ಟಿದೆ ಅಂತ ಅಳೆಯಬೇಕು. ಆಮೇಲೆ ಕಂಪ್ಯೂಟರ್: ಬಂದ ಪ್ರತಿಯೊಬ್ಬರ ತಲೆಬುರುಡೆಯ ಚಿತ್ರ ಹಾಕಿಕೊಂಡು, ಅಲೆ ಒಳಗೆ ಹೇಗೆ ಬಾಗುತ್ತದೆ, ಎಷ್ಟು ಬಿಸಿಯಾಗುತ್ತದೆ ಅಂತ ಲೆಕ್ಕ. ಒಂದು ಅಂತರರಾಷ್ಟ್ರೀಯ ತಜ್ಞರ ಕೂಟ ಸುರಕ್ಷತೆಗೆ ಮಿತಿ ಹೇಳಿದೆ, ಅದರಲ್ಲಿ ಒಂದು, ಮಿದುಳಿನ ಬಿಸಿ 2 ಡಿಗ್ರಿಗಿಂತ ಹೆಚ್ಚು ಏರಬಾರದು ಅನ್ನುವುದು. ಇದೆಲ್ಲ ಮುಗಿದ ಮೇಲೆ ಮನುಷ್ಯ.

ಅಲ್ಲೂ ದೊಡ್ಡ ಶತ್ರು ಯಾವುದು ಗೊತ್ತಾ? ಕೂದಲು. ಕೂದಲ ನಡುವೆ ಗಾಳಿ ಸಿಕ್ಕಿಕೊಂಡರೆ ಅಲ್ಟ್ರಾಸೌಂಡ್ ಅಲ್ಲೇ ಸತ್ತುಹೋಗುತ್ತದೆ. ದೊಡ್ಡ ಹೆಲ್ಮೆಟ್ ಆದರೆ ಸಾಮಾನ್ಯವಾಗಿ ತಲೆ ಬೋಳಿಸುತ್ತಾರೆ. ಚಿಕ್ಕ ಉಪಕರಣಕ್ಕೆ ಕೂದಲು ಬಗೆದು, ಜೆಲ್ ಮೆತ್ತಿ, ಗುಳ್ಳೆ ಇಲ್ಲದಂತೆ ಒತ್ತಿ ಹಿಡಿಯಬೇಕು. ಕ್ಯಾಮೆರಾಗಳು ತಲೆಯ ಮತ್ತು ಉಪಕರಣದ ಜಾಗ ಗಮನಿಸುತ್ತಾ, ಎಂಆರ್‌ಐ ಚಿತ್ರದ ಮೇಲೆ ಗುರಿ ಎಲ್ಲಿದೆ ಅಂತ ತೋರಿಸುತ್ತಿರುತ್ತವೆ. 75 ವರ್ಷದವರು ಕದಲದೆ ಎಷ್ಟು ಹೊತ್ತು ಕೂರಬಲ್ಲರು ಅನ್ನುವುದೂ ವಿಜ್ಞಾನದ ಪ್ರಶ್ನೆಯಾಗಿಬಿಡುತ್ತದೆ. ಉಳಿದದ್ದು ಎಥಿಕ್ಸ್ ಕಮಿಟಿಗೆ ಅರ್ಜಿ, ಸ್ಕ್ಯಾನುಗಳ ವಿಶ್ಲೇಷಣೆ, ಅಂಕಿಅಂಶ, ಬರವಣಿಗೆ. ಮರೆವಿನ ರೋಗಿಯ ಒಪ್ಪಿಗೆ ಪಡೆಯುವುದೂ ಸೂಕ್ಷ್ಮದ ಕೆಲಸ, ವಿವರಿಸಿದ್ದನ್ನು ನಾಳೆ ಅವರು ಮರೆತಿರಬಹುದಲ್ಲ.

ಕರ್ನಾಟಕದಲ್ಲಿ

ನಮ್ಮಲ್ಲಿ ಇದರ ತಳಪಾಯದ ಕೆಲಸ ದೊಡ್ಡದಾಗಿಯೇ ನಡೆಯುತ್ತಿದೆ. ಬೆಂಗಳೂರಿನ ಐಐಎಸ್‌ಸಿಯ ಆವರಣದಲ್ಲಿರುವ ಸೆಂಟರ್ ಫಾರ್ ಬ್ರೇನ್ ರಿಸರ್ಚ್, ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲೂಕಿನ ಹಳ್ಳಿಗಳಲ್ಲಿ 45 ದಾಟಿದವರನ್ನು ವರ್ಷಗಳ ಕಾಲ ಹಿಂಬಾಲಿಸುವ ಅಧ್ಯಯನ ನಡೆಸುತ್ತಿದೆ. ಗುರಿ 10,000 ಜನ. ರಕ್ತ, ಜೀನ್, ಎಂಆರ್‌ಐ, ನೆನಪಿನ ಪರೀಕ್ಷೆ ಎಲ್ಲವೂ ಇದೆ. ಮಾವು ಬೆಳೆಯುವ ಊರಿನ ರೈತರು ಮಿದುಳಿನ ವಿಜ್ಞಾನಕ್ಕೆ ಯಾಕೆ ಮುಖ್ಯ ಅಂದರೆ, ಆಲ್ಜೈಮರ್ಸ್ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ಬಹುಪಾಲು ಪಶ್ಚಿಮದ, ಓದಿದ, ಪೇಟೆಯ ಜನರಿಂದ ಬಂದದ್ದು.

ಅಳತೆಯ ಪ್ರಶ್ನೆಯೂ ಇದೆ. ಓದು ಬರಹ ಬಾರದ ಅಜ್ಜಿಗೆ ಗಡಿಯಾರದ ಚಿತ್ರ ಬರೆಯಿರಿ ಅಂದರೆ ಬರೆಯಲಾರರು, ಅದನ್ನು ಮರೆವು ಅಂತ ಬರೆದುಕೊಂಡರೆ ತಪ್ಪು. ಇದಕ್ಕೇ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಹಲವು ಭಾರತೀಯ ಭಾಷೆಗಳಲ್ಲಿ ಪರೀಕ್ಷೆಗಳ ಗೊಂಚಲೊಂದನ್ನು ಮಾಡಿಸಿದೆ, ಅದರಲ್ಲಿ ಕನ್ನಡವೂ ಇದೆ. ಮುಂದೆ ಅಲ್ಟ್ರಾಸೌಂಡ್ ಇಲ್ಲಿಗೆ ಬಂದರೂ, ಅದರಿಂದ ಉಪಯೋಗವಾಯಿತೇ ಅಂತ ಅಳೆಯಲು ಇಂಥ ಪರೀಕ್ಷೆ ಇಲ್ಲದೆ ಆಗುವುದಿಲ್ಲ.

ಮನೆಯಲ್ಲಿ ಮರೆವಿನವರಿದ್ದರೆ

ಇವತ್ತಿನ ಮಟ್ಟಿಗೆ ಅಲ್ಟ್ರಾಸೌಂಡ್ ಮರೆವಿಗೆ ಪ್ರಯೋಗ, ಚಿಕಿತ್ಸೆಯಲ್ಲ. ಹಾಗಾಗಿ ಮೊದಲು ಮಾಡಬೇಕಾದ್ದು ಬೇರೆಯೇ ಇದೆ. ಮರೆವು ಅಂತ ಕಾಣುವುದಕ್ಕೆ ಬಿ12 ಕೊರತೆ, ಥೈರಾಯ್ಡ್, ಖಿನ್ನತೆ, ನಿದ್ದೆಯಲ್ಲಿ ಉಸಿರು ಕಟ್ಟುವುದು, ಕೆಲವು ನಿದ್ದೆ ಮಾತ್ರೆಗಳು ಕೂಡ ಕಾರಣ ಇರಬಹುದು. ಇವಕ್ಕೆಲ್ಲ ಮದ್ದಿದೆ. ಸಸ್ಯಾಹಾರಿಗಳಲ್ಲಿ ಬಿ12 ಕೊರತೆ ಜಾಸ್ತಿ, ಸುಲಭದ ರಕ್ತಪರೀಕ್ಷೆಯಲ್ಲಿ ತಿಳಿಯುತ್ತದೆ. ಕಿವಿ ಕೇಳಿಸದಿದ್ದರೆ ಹಿಯರಿಂಗ್ ಏಡ್, ಬಿಪಿ ಮತ್ತು ಸಕ್ಕರೆ ಹತೋಟಿ. ನ್ಯೂರಾಲಜಿಸ್ಟ್ ಹತ್ತಿರ ಹೋದರೆ ಇದನ್ನೆಲ್ಲ ನೋಡುತ್ತಾರೆ, ನಿಮ್ಹಾನ್ಸ್‌ನಲ್ಲೂ ನೋಡುತ್ತಾರೆ.

ಯಾರಾದರೂ ಅಲ್ಟ್ರಾಸೌಂಡ್ ಪ್ಯಾಕೇಜ್ ಇದೆ, ಹತ್ತು ಸಿಟಿಂಗ್, ಇಷ್ಟು ಸಾವಿರ ಅಂದರೆ ಒಂದೇ ಪ್ರಶ್ನೆ ಕೇಳಿ: ಇದು ಟ್ರಯಲ್ಲಾ? ಹೌದು ಅಂದರೆ ಸಿಟಿಆರ್‌ಐ ನಂಬರ್ ಕೊಡಿ ಅನ್ನಿ. ಅದು ಭಾರತದ ಕ್ಲಿನಿಕಲ್ ಟ್ರಯಲ್‌ಗಳ ಸರ್ಕಾರಿ ದಾಖಲೆ, ಯಾರು ಬೇಕಾದರೂ ಆನ್‌ಲೈನ್‌ನಲ್ಲಿ ನೋಡಬಹುದು. ಎಷ್ಟು ಜನ, ಹುಸಿ ಚಿಕಿತ್ಸೆಯ ಗುಂಪು ಇದೆಯೇ, ಯಾವ ಎಥಿಕ್ಸ್ ಕಮಿಟಿ ಒಪ್ಪಿದೆ ಎಲ್ಲ ಅದರಲ್ಲಿರುತ್ತದೆ. ಐಸಿಎಂಆರ್ ನಿಯಮದ ಪ್ರಕಾರ ಸಂಶೋಧನೆಗಾಗಿ ಮಾಡುವ ಪರೀಕ್ಷೆ ಮತ್ತು ಚಿಕಿತ್ಸೆಗೆ ಪಾಲ್ಗೊಂಡವರಿಂದ ದುಡ್ಡು ತೆಗೆದುಕೊಳ್ಳುವ ಹಾಗಿಲ್ಲ.